ಪ್ರತಿಕ್ರಿಯೆ: ಸೆಪ್ಸಿಸ್ (ಸೋಂಕಿಗೆ ದೇಹದ ಮಿತಿಮೀರಿದ ಪ್ರತಿಕ್ರಿಯೆ) ಇಳಿದ ಮೇಲೆ ತಾಯಿಯ ರಕ್ತದಲ್ಲಿ ಶಿಲೀಂಧ್ರ ಹೇಗೆ ಬಂತು?

ಹತ್ತು ದಿನಗಳ ಆಂಟಿಬಯಾಟಿಕ್ ಮತ್ತು ಕುತ್ತಿಗೆಯ ರಕ್ತನಾಳಕ್ಕೆ ಹಾಕಿದ ನಳಿಕೆ, ಇವೆರಡೇ ಬಹುಶಃ ಕಾರಣ. ಹಾವೇರಿಯಿಂದ ಹುಬ್ಬಳ್ಳಿಗೆ ತಡವಾಗಿ ಕರೆತಂದೆವೆಂದು ನಿಮ್ಮನ್ನು ಹಳಿದುಕೊಳ್ಳಬೇಡಿ. ಆಂಟಿಬಯಾಟಿಕ್ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ; ತೆರವಾದ ಜಾಗದಲ್ಲಿ ಕ್ಯಾಂಡಿಡಾ ಎಂಬ ಶಿಲೀಂಧ್ರ ಹಬ್ಬುತ್ತದೆ.

ರೋಗನಿರೋಧಕ ಶಕ್ತಿ ಏನು ಮಾಡುತ್ತಿತ್ತು ಎಂದು ಕೇಳಿದ್ದೀರಿ. ಬಿಳಿ ರಕ್ತಕಣಗಳ ಮೇಲೆ ರೋಗಾಣುಗಳನ್ನು ಗುರುತಿಸುವ ರಿಸೆಪ್ಟರ್‌ಗಳಿವೆ. ಟಿಎಲ್‌ಆರ್-4 ಕೆಲವು ಬ್ಯಾಕ್ಟೀರಿಯಾಗಳ ಹೊರಪೊರೆಯನ್ನು ಗುರುತು ಹಿಡಿದರೆ, ಡೆಕ್ಟಿನ್-1 ಶಿಲೀಂಧ್ರದ ಗೋಡೆಯಲ್ಲಿರುವ ಬೀಟಾ-ಗ್ಲೂಕನ್ ಎಂಬ ಸಕ್ಕರೆಯ ಸರಪಳಿಯನ್ನು ಹಿಡಿದು ಉಳಿದ ಕಣಗಳನ್ನು ಎಚ್ಚರಿಸುತ್ತದೆ. ಸೆಪ್ಸಿಸ್‌ನಲ್ಲಿ ಈ ಎಚ್ಚರಿಕೆ ಮಿತಿಮೀರುತ್ತದೆ, ಬಳಿಕ ಕಣಗಳು ದಣಿದು ಮಂಕಾಗುತ್ತವೆ. ಶಿಲೀಂಧ್ರ ನುಗ್ಗುವುದು ಆಗಲೇ.

ಮೊದಲು, ನಳಿಕೆಯನ್ನು ತೆಗೆಯಬಹುದೇ ಎಂದು ಇಂದೇ ವೈದ್ಯರನ್ನು ಕೇಳಿ. ನಂತರ ಕ್ಯಾಂಡಿಡಾ ಯಾವ ಜಾತಿಯದೆಂದು ತಿಳಿದುಕೊಳ್ಳಿ. ‘ಆರಿಸ್’ ಎಂಬ ಜಾತಿಯಾದರೆ ಫ್ಲುಕೊನಜೋಲ್ ಎಂಬ ಶಿಲೀಂಧ್ರ ಔಷಧಿ ಸಾಮಾನ್ಯವಾಗಿ ನಾಟುವುದಿಲ್ಲ. ರಕ್ತದ ಕಲ್ಚರ್ (ರಕ್ತದಲ್ಲಿ ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ) ಶುದ್ಧವಾಗುವವರೆಗೆ ಮರುಪರೀಕ್ಷೆ ಆಗಲೇಬೇಕು. ಬೇರೆ ತೊಡಕಿಲ್ಲದಿದ್ದರೆ, ಶುದ್ಧ ಬಂದ ದಿನದಿಂದ 14 ದಿನ ಶಿಲೀಂಧ್ರದ ಔಷಧಿ ಇರುತ್ತದೆ. ಕಣ್ಣಿನ ವೈದ್ಯರೂ ಪಾಪೆ ಹಿಗ್ಗಿಸಿ ನೋಡಲಿ, ಇದನ್ನು ಮರೆಯುವವರೇ ಹೆಚ್ಚು. ನಮ್ಮ ತಂದೆಗೆ ಹೀಗಾದಾಗ ಔಷಧಿ ಅಂಗಡಿಯ ಚೀಟಿಯ ಹಿಂಬದಿಯಲ್ಲಿ ಜ್ವರದ ಅಂಕಿಗಳನ್ನು ಬರೆಯುತ್ತಿದ್ದೆ; ಐದನೆಯ ದಿನ 102 ಇದ್ದದ್ದು 99ಕ್ಕೆ ಇಳಿಯಿತು. ನೀವೂ ಬರೆದಿಡಿ.

ಮೂತ್ರ ಕಡಿಮೆಯಾದರೆ, ಮಾತು ತಡವರಿಸಿದರೆ ವೈದ್ಯರ ರೌಂಡ್ಸ್‌ಗೆ ಕಾಯದೆ ಆಗಲೇ ನರ್ಸ್ ಅವರನ್ನು ಕರೆಯಿರಿ.