‘ಅವಳು’ ಅನ್ನೋದನ್ನ ‘ಅವನು’ ಅಂತ ತಿದ್ದಬೇಕಾ?

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ಉಪನ್ಯಾಸಕಿ, ವಯಸ್ಸು 37. ನಾನು ಕ್ವಿಯರ್, ನನ್ನ ಒಲವು ಹೆಣ್ಣಿನ ಕಡೆಗೆ. ಮದುವೆಯಾಗದೆ, ದಾನಿಯ ವೀರ್ಯ ಪಡೆದು ಮಗಳನ್ನು ಹೆತ್ತೆ. ಅವಳಿಗೀಗ 3 ವರ್ಷ, ಜೂನ್‌ಗೆ ನರ್ಸರಿ. ಕವಿಗೋಷ್ಠಿಗೆ ಕರೆ ಬಂದಿದೆ. ನನ್ನ ಪ್ರೇಮಕವಿತೆಗಳ ತುಂಬ ‘ಅವಳು’. ‘ಅವನು ಅಂತ ತಿದ್ದಿ ಓದು, ಮಗೂನ ಸ್ಕೂಲಿಗೆ ಸೇರಿಸಬೇಕು’ ಅನ್ನುತ್ತಾರೆ ಅಮ್ಮ. ಯಾರಾದರೂ ಮಗುವನ್ನು ಕಿತ್ತುಕೊಂಡರೆ ಅನ್ನೋ ಭಯವೂ ಇದೆ.

ಉತ್ತರ: ಮೊದಲು ಭಯದ ಮಾತು ಮುಗಿಸಿಬಿಡೋಣ. ಹೀಗೆ ಮಗು ಪಡೆಯಲು ಒಂಟಿ ಹೆಣ್ಣಿಗೂ 2021ರ ಕಾಯ್ದೆ ಅವಕಾಶ ಕೊಟ್ಟಿದೆ, ದಾನಿಗೆ ಮಗುವಿನ ಮೇಲೆ ಯಾವ ಹಕ್ಕೂ ಉಳಿಯುವುದಿಲ್ಲ. ಮದುವೆಯಾಗದ ತಾಯಿ ತಂದೆಯ ಹೆಸರು ಹೇಳದೆಯೇ ಮಗುವಿಗೆ ಪೋಷಕಿಯಾಗಬಹುದು ಅಂತ ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ. ನಿಮ್ಮ ಪ್ರೀತಿಯೂ ಅಪರಾಧವಲ್ಲ, 2018ರಲ್ಲಿ ಅದೂ ತೀರ್ಮಾನವಾಗಿದೆ. ಆದರೂ ಸ್ಕೂಲಿನ ಗುಮಾಸ್ತರು ‘ತಂದೆ’ ಕಾಲಂ ಮೇಲೆ ಪೆನ್ನಿಟ್ಟು ನಿಮ್ಮ ಮುಖ ನೋಡುತ್ತಾರೆ, 2015ರ ಆ ತೀರ್ಪಿನ ಜೆರಾಕ್ಸ್ ಒಂದು ಫೈಲಿನಲ್ಲಿರಲಿ.

ಇನ್ನು ಕವಿತೆ. ನಮ್ಮ ಭಾಷೆ ಈ ವಿಷಯದಲ್ಲಿ ಭಾರಿ ಚಾಡಿಕೋರ, ‘ಬಂದಳು’ ಅಂದ ಕೂಡಲೇ ಗುಟ್ಟು ರಟ್ಟು. ಹಾಗಂತ ತಿದ್ದಬೇಡಿ. ಒಂದು ‘ಅವಳು’ ತೆಗೆದರೆ ‘ನಕ್ಕಳು’ ಹೋಗಿ ‘ನಕ್ಕನು’ ಬರಬೇಕು, ಆಮೇಲೆ ಲಯ ಕೆಡುತ್ತದೆ, ಕೊನೆಗೆ ಮೈಕ್ ಮುಂದೆ ನಿಂತು ಯಾರದೋ ಪ್ರೇಮಪತ್ರ ಓದಿದ ಹಾಗಾಗುತ್ತದೆ. ಧೈರ್ಯ ಸಾಲದಿದ್ದರೆ ಸದ್ಯಕ್ಕೆ ‘ನೀನು’ ಇದೆಯಲ್ವಾ? ಹೂಮಳೆ ಬಿದ್ದು ಕಾಫಿ ತೋಟವೆಲ್ಲ ಹೂವಾಗಿ ಬೆಳ್ಳಗಾದಾಗ ‘ನೀನು ಬಂದೆ’ ಅಂದರೆ, ಬಂದದ್ದು ಗಂಡೋ ಹೆಣ್ಣೋ, ಕೇಳುವವರೇ ತಲೆ ಕೆಡಿಸಿಕೊಳ್ಳಲಿ. ಅದರಲ್ಲಿ ಸುಳ್ಳಿಲ್ಲ. (ಶರಣಸತಿ ಲಿಂಗಪತಿ ಅಂತ ಗಂಡಸರೇ ಹೆಣ್ಣಾಗಿ ಹಾಡಿದ ನಾಡಿದು, ಅವರನ್ನು ಯಾರೂ ಏನೂ ಕೇಳಲಿಲ್ಲ!)

ನನಗೆ ಅಳುಕಾದದ್ದು ನೀವು ಪತ್ರದ ಜೊತೆ ಕಳಿಸಿದ ಕವಿತೆಗಳಲ್ಲಿ ದಾನಿಯ ಬಗ್ಗೆ ಇರುವುದನ್ನು ಓದಿ. ಚೆನ್ನಾಗಿದೆ, ಆದರೆ ಅದು ನಿಮ್ಮ ಮಗಳ ಕತೆ. ಅವಳಿಗಿಂತ ಮೊದಲು ಊರಿಗೆ ಗೊತ್ತಾಗಬಾರದು. ಅದನ್ನು ಎತ್ತಿಡಿ, ಅವಳಿಗೆ ಮಾತ್ರ ಈಗಿನಿಂದಲೇ ಚೂರುಚೂರು ಹೇಳಿ. ‘ನೀನು ಬೇಕು ಅಂತ ಅಮ್ಮಂಗೆ ಆಸೆಯಾಗಿತ್ತು, ಡಾಕ್ಟರ್ ಸಹಾಯ ಮಾಡಿದ್ರು’ ಅಂತ ರತ್ನಗಿರಿ ಬೋರೆಯ ಪಾರ್ಕಿನಲ್ಲಿ ಆಡಿಸುವಾಗ ಸುಮ್ನೆ ಹೇಳಿದರೂ ಸಾಕು.

ಅಮ್ಮನ ಮೇಲೆ ಸಿಟ್ಟಾಗಬೇಡಿ. ಅಕ್ಕಪಕ್ಕದವರ ಬಾಯಿಗೆ ಅವರು ನಿಮಗಿಂತ ಜಾಸ್ತಿ ಸಿಕ್ಕಿದ್ದಾರೆ. ಗೋಷ್ಠಿಗೆ ಮುಂಚೆ ಅಡುಗೆಮನೆಯಲ್ಲಿ ಅವರಿಗೇ ಒಂದ್ಸಲ ಓದಿ ಹೇಳಿ. ಯಾವ ಸಾಲಿಗೆ ಪಾತ್ರೆ ತೊಳೆಯುವ ಕೈ ನಿಲ್ಲುತ್ತದೋ ನೋಡಿಕೊಂಡು ನನಗೆ ಬರೆಯಿರಿ.