ಮೇನ್‌ಫ್ರೇಮ್ ವರದಿ, ಕಾಪಿಯರ್ ಹಾಳೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಲೆಕ್ಕಪತ್ರ ವಿಭಾಗದ ಹಳೆಯ ಲೈನ್ ಪ್ರಿಂಟರ್ ಕೆಟ್ಟ ಮೇಲೆ ಮೇನ್‌ಫ್ರೇಮಿನ (ಸಂಸ್ಥೆಯ ದೊಡ್ಡ ಕೇಂದ್ರ ಕಂಪ್ಯೂಟರಿನ) ವರದಿಗಳನ್ನು ಕಚೇರಿಯ ಕಾಪಿಯರಿಗೆ ಕಳುಹಿಸುತ್ತಿದ್ದೇವೆ. ಬಲಗಡೆಯ ಕಾಲಂಗಳು ಕತ್ತರಿಸಿಹೋಗುತ್ತಿವೆ, ಪುಟದ ಕೊನೆಯ ಸಾಲುಗಳು ಮುಂದಿನ ಹಾಳೆಗೆ ಜಾರುತ್ತಿವೆ, ಎಡ ಅಂಚಿನಲ್ಲಿ ಅಲ್ಲಲ್ಲಿ 1, 0 ಎಂಬ ಅಂಕೆಗಳು ಕಾಣುತ್ತಿವೆ. ವರದಿಯ ಪ್ರೋಗ್ರಾಮುಗಳನ್ನೇ ಹೊಸದಾಗಿ ಬರೆಸಬೇಕೆಂದು ಕಾಪಿಯರ್ ಒದಗಿಸಿದವರು ಹೇಳುತ್ತಾರೆ. ಬೇರೆ ದಾರಿ ಇಲ್ಲವೇ?

ಉತ್ತರ: ಇದೆ. ಪ್ರೋಗ್ರಾಮನ್ನು ಮುಟ್ಟದೆ, ವರದಿ ಕಾಪಿಯರಿಗೆ ಹೋಗುವ ದಾರಿಯಲ್ಲಿ ತಂತ್ರಾಂಶದಿಂದ ಅದರ ರೂಪವನ್ನು ಪರಿವರ್ತಿಸಬಹುದು. ವರ್ಷಗಟ್ಟಲೆ ತಪ್ಪಿಲ್ಲದೆ ಲೆಕ್ಕ ಕೊಡುತ್ತ ಬಂದ ಪ್ರೋಗ್ರಾಮನ್ನು ಹಾಳೆಯ ಅಳತೆ ಬದಲಾಯಿತೆಂಬ ಒಂದೇ ಕಾರಣಕ್ಕೆ ತಿದ್ದಲು ಹೊರಡುವುದು ಅಪಾಯಕಾರಿ ಎಂದೇ ನಾನು ಭಾವಿಸುತ್ತೇನೆ. ತಾವು ಬರೆದಿರುವ ಮೂರು ತೊಂದರೆಗಳಿಗೂ ಮೂಲ ಒಂದೇ. ಆ ವರದಿಯನ್ನು ಒಂದು ನಿರ್ದಿಷ್ಟ ಯಂತ್ರವನ್ನೂ ಒಂದು ನಿರ್ದಿಷ್ಟ ಕಾಗದವನ್ನೂ ಕಣ್ಣಮುಂದಿಟ್ಟುಕೊಂಡು ರೂಪಿಸಲಾಗಿತ್ತು; ಈಗ ಆ ಎರಡೂ ಇಲ್ಲ.

ಮೊದಲಿಗೆ ಎಡ ಅಂಚಿನ ಅಂಕೆಗಳನ್ನು ನೋಡೋಣ. ಇಂಥ ವರದಿಗಳಲ್ಲಿ ಪ್ರತಿ ಸಾಲಿನ ಮೊದಲ ಅಕ್ಷರ ಇರುವುದು ಓದುಗರಿಗಾಗಿ ಅಲ್ಲ, ಪ್ರಿಂಟರಿಗಾಗಿ. ಅಲ್ಲಿ ಖಾಲಿ ಜಾಗವಿದ್ದರೆ ಕಾಗದ ಒಂದು ಸಾಲು ಸರಿಯಬೇಕು, 0 ಇದ್ದರೆ ಎರಡು ಸಾಲು, ಕಿರುಗೆರೆ ಇದ್ದರೆ ಮೂರು ಸಾಲು. 1 ಇದ್ದರೆ ಹೊಸ ಪುಟ ಆರಂಭವಾಗಬೇಕು. ಕೂಡುವ ಚಿಹ್ನೆ ಇದ್ದರೆ ಕಾಗದ ಸರಿಯದೆ ಅದೇ ಸಾಲಿನ ಮೇಲೆ ಇನ್ನೊಮ್ಮೆ ಮುದ್ರಣವಾಗಬೇಕು, ಏಕೆಂದರೆ ಹಿಂದೆ ಶೀರ್ಷಿಕೆಗಳನ್ನು ದಪ್ಪವಾಗಿಸುತ್ತಿದ್ದುದೂ ಅಡಿಗೆರೆ ಎಳೆಯುತ್ತಿದ್ದುದೂ ಹೀಗೆಯೇ. ತಮ್ಮ ಕಾಪಿಯರಿಗೆ ಈ ಸಂಕೇತ ಗೊತ್ತಿಲ್ಲದ ಕಾರಣ ಅದು ಆಜ್ಞೆಯನ್ನು ಪಾಲಿಸುವ ಬದಲು ಅಕ್ಷರವೆಂದು ಮುದ್ರಿಸಿಬಿಡುತ್ತದೆ, ಪುಟ ಒಡೆಯಬೇಕಾದ ಕಡೆ ಒಡೆಯುವುದಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ, ಬಹಳಷ್ಟು ಕಡೆ ಇದನ್ನು ಮರೆಯುತ್ತಾರೆ. ಐಬಿಎಂ 1959ರಲ್ಲಿ 1401 ಕಂಪ್ಯೂಟರಿನ ಜೊತೆಗೆ ತಂದ 1403 ಪ್ರಿಂಟರಿನಲ್ಲಿ 12 ಚಾನೆಲ್‌ಗಳ (ಅಂದರೆ ರಂಧ್ರ ಕೊರೆಯುವ ಉದ್ದ ಸಾಲುಗಳ) ಕಾಗದದ ಪಟ್ಟಿಯೊಂದು ಬಳೆಯಂತೆ ಸುತ್ತುತ್ತಿತ್ತು. ಕಾಗದ ಎಲ್ಲಿ ನಿಲ್ಲಬೇಕು ಎಂಬುದನ್ನು ಅದರಲ್ಲಿ ಕೊರೆದ ರಂಧ್ರಗಳು ಹೇಳುತ್ತಿದ್ದವು. ಮುಂದೆ ಆ ಪಟ್ಟಿಯ ಕೆಲಸವನ್ನು ಫಾರ್ಮ್ಸ್ ಕಂಟ್ರೋಲ್ ಬಫರ್ ಎಂಬ ಕೋಷ್ಟಕ ವಹಿಸಿಕೊಂಡಿತು. ಮೊದಲ ಕಾಲಂನಲ್ಲಿರುವ 1 ಎಂದರೆ ಒಂದನೆಯ ಚಾನೆಲ್ ಎಂದೇ ಅರ್ಥ. ತಮ್ಮ ಬಿಲ್ಲುಗಳಲ್ಲಿ ಮೊತ್ತದ ಸಾಲಿಗೆ ನೇರವಾಗಿ ಜಿಗಿಯಲು 2, 3 ಮುಂತಾದ ಚಾನೆಲ್‌ಗಳನ್ನು ಬಳಸಿದ್ದರೆ, ಆ ಕೋಷ್ಟಕವನ್ನು ಹುಡುಕಿ ತೆಗೆದು, ಯಾವ ಚಾನೆಲ್ ಎಷ್ಟನೆಯ ಸಾಲಿನಲ್ಲಿದೆ ಎಂಬುದನ್ನು ಪರಿವರ್ತನೆ ಮಾಡುವ ತಂತ್ರಾಂಶಕ್ಕೆ ತಿಳಿಸಲೇಬೇಕು.

ಇನ್ನು ಅಳತೆಯ ವಿಚಾರ. ಹಳೆಯ ಪ್ರಿಂಟರ್ ಒಂದು ಸಾಲಿನಲ್ಲಿ 132 ಅಕ್ಷರಗಳನ್ನು, ಇಂಚಿಗೆ 10ರಂತೆ, 13.2 ಇಂಚು ಅಗಲದಲ್ಲಿ ಮುದ್ರಿಸುತ್ತಿತ್ತು. 11 ಇಂಚು ಉದ್ದದ ಹಾಳೆಯಲ್ಲಿ ಇಂಚಿಗೆ 6 ಸಾಲಿನಂತೆ 66 ಸಾಲುಗಳು ಹಿಡಿಯುತ್ತಿದ್ದವು. ಎ4 ಹಾಳೆಯನ್ನು ಅಡ್ಡಲಾಗಿಟ್ಟರೆ ಸಿಗುವುದು 11.69 ಇಂಚು ಅಗಲ, 8.27 ಇಂಚು ಎತ್ತರ. ಅದರಲ್ಲೂ ಕಾಪಿಯರ್ ನಾಲ್ಕೂ ಅಂಚಿನಲ್ಲಿ ಸ್ವಲ್ಪ ಜಾಗವನ್ನು ಮುದ್ರಿಸದೆ ಬಿಡುತ್ತದೆ. ಇಂಚಿಗೆ 12 ಅಕ್ಷರವಿಟ್ಟರೆ 132 ಅಕ್ಷರಗಳು 11 ಇಂಚಿನಲ್ಲಿ ಕೂರುತ್ತವೆ, ಆದರೆ ಫೈಲಿಗೆ ತೂತು ಹೊಡೆಯಲು ಜಾಗ ಉಳಿಯುವುದಿಲ್ಲ. ಇಂಚಿಗೆ 13 ಇಡುವುದು ನನಗೆ ಹೆಚ್ಚು ಸರಿಯೆನಿಸುತ್ತದೆ. ಆಗ ಸಾಲು ಸುಮಾರು 10.15 ಇಂಚಿನಲ್ಲಿ ಮುಗಿಯುತ್ತದೆ. ಇಂಚಿಗೆ 16.67ರಂತೆ ಕೂರುವ, ಲೈನ್ ಪ್ರಿಂಟರ್ ಎಂದೇ ಹೆಸರಿರುವ ಸಣ್ಣ ಅಕ್ಷರವನ್ನು ಅನೇಕರು ಕಣ್ಣುಮುಚ್ಚಿ ಆರಿಸುತ್ತಾರೆ. ದಿನವಿಡೀ ಅಂಕೆಗಳನ್ನು ತಾಳೆ ನೋಡುವವರ ಕಣ್ಣಿಗೆ ಅದು ಶಿಕ್ಷೆ, ದಯವಿಟ್ಟು ಹಾಗೆ ಮಾಡಬೇಡಿ.

ಎತ್ತರದಲ್ಲಿ ಇಷ್ಟು ಅನುಕೂಲವಿಲ್ಲ. ಇಂಚಿಗೆ 8 ಸಾಲು ಇಟ್ಟರೂ 66 ಸಾಲಿಗೆ 8.25 ಇಂಚು ಬೇಕು, ಅಂದರೆ ಹೆಚ್ಚುಕಡಿಮೆ ಇಡೀ ಹಾಳೆ. ತಮ್ಮ ಕೊನೆಯ ಸಾಲುಗಳು ಜಾರುವುದು ಇದರಿಂದಲೇ. ಕಾಪಿಯರ್ ಪಿಸಿಎಲ್ ಎಂಬ, ಪ್ರಿಂಟರಿಗೆ ಆಜ್ಞೆ ಕೊಡುವ ಭಾಷೆಯನ್ನು ಅರ್ಥಮಾಡಿಕೊಳ್ಳುವಂಥದ್ದಾದರೆ, ಸಾಲುಗಳ ಅಂತರವನ್ನು ಅದರಲ್ಲಿ ಇಂಚಿನ 48ನೇ ಒಂದು ಭಾಗದ ಲೆಕ್ಕದಲ್ಲಿ ಕೊಡಬಹುದು: ಇಂಚಿಗೆ 6 ಸಾಲು ಎಂದರೆ 8, ಇಂಚಿಗೆ 8 ಸಾಲು ಎಂದರೆ 6. ಅಲ್ಲಿ 5.45 ಎಂದು ಕೊಟ್ಟರೆ 66 ಸಾಲುಗಳೂ ಸುಮಾರು 7.5 ಇಂಚಿನೊಳಗೆ ಅಡಗುತ್ತವೆ. ಹಾಳೆಯನ್ನು ಅಡ್ಡ ಮಾಡುವ ಆಜ್ಞೆ ಮೊದಲು ಬರಬೇಕು, ಸಾಲಿನ ಅಂತರದ ಆಜ್ಞೆ ನಂತರ. ಹಾಳೆಯ ದಿಕ್ಕು ಬದಲಾದೊಡನೆ ಅಂತರವೂ ಅಂಚುಗಳೂ ಮೊದಲಿನ ಸ್ಥಿತಿಗೆ ಮರಳುವುದರಿಂದ, ಕ್ರಮ ತಪ್ಪಿದರೆ ಪಟ್ಟ ಶ್ರಮವೆಲ್ಲ ನೀರುಪಾಲಾಗುತ್ತದೆ. ಪುಟದ ತುದಿಯಲ್ಲಿ ತಾನಾಗಿ ಜಾಗ ಬಿಡುವ ಪರ್ಫೊರೇಶನ್ ಸ್ಕಿಪ್ ಸೌಲಭ್ಯವನ್ನೂ ನಿಲ್ಲಿಸಿಡಿ.

ಈ ಪರಿವರ್ತನೆಯನ್ನೆಲ್ಲ ಒಂದೇ ಜಾಗದಲ್ಲಿ ಮಾಡಿಸಿ. ಐಬಿಎಂ ಐ ಯಂತ್ರಗಳಲ್ಲಿ ಹೋಸ್ಟ್ ಪ್ರಿಂಟ್ ಟ್ರಾನ್ಸ್‌ಫಾರ್ಮ್, ಜಡ್‌ಓಎಸ್‌ನಲ್ಲಿ (ಐಬಿಎಂ ಮೇನ್‌ಫ್ರೇಮುಗಳ ಕಾರ್ಯವ್ಯವಸ್ಥೆಯಲ್ಲಿ) ಇನ್ಫೋಪ್ರಿಂಟ್ ಸರ್ವರ್ ಇಂಥದೇ ಕೆಲಸಕ್ಕಿವೆ. ನಡುವೆ ಒಂದು ಪ್ರಿಂಟ್ ಸರ್ವರ್, ಅಂದರೆ ಮುದ್ರಣದ ಕೆಲಸಗಳನ್ನು ಪಡೆದು ಮುಂದೆ ಕಳುಹಿಸುವ ಕಂಪ್ಯೂಟರ್, ಇಟ್ಟರೂ ಆದೀತು. ಅರ್ಧ ಅಲ್ಲಿ, ಅರ್ಧ ಇಲ್ಲಿ ಮಾಡಿದರೆ ಮುಂದೊಂದು ದಿನ ಕಾಪಿಯರ್ ಬದಲಾದಾಗ ಯಾವುದನ್ನು ಎಲ್ಲಿ ತಿದ್ದಬೇಕೆಂದು ಯಾರಿಗೂ ತಿಳಿಯುವುದಿಲ್ಲ. ಹಿಂದೊಮ್ಮೆ ಇಂಥ ಕೆಲಸ ಮುಗಿಯಿತೆಂದು ನಾನು ಹೊರಡುವ ಹೊತ್ತಿಗೆ, ಅಲ್ಲಿನ ಹಿರಿಯ ಗುಮಾಸ್ತರೊಬ್ಬರು ಹಳೆಯ ಹಾಳೆಯನ್ನೂ ಹೊಸ ಹಾಳೆಯನ್ನೂ ಅಕ್ಕಪಕ್ಕ ಇಟ್ಟು, ಮರದ ಅಡಿಕೋಲನ್ನು ಸಾಲಿನಿಂದ ಸಾಲಿಗೆ ಇಳಿಸುತ್ತ ಬಂದರು. 41ನೇ ಪುಟದ ಒಟ್ಟು ಮೊತ್ತ 42ನೇ ಪುಟದ ತಲೆಯ ಮೇಲೆ ಕೂತಿತ್ತು. ಮೊದಲ ಎರಡು ಪುಟಗಳನ್ನಷ್ಟೇ ನೋಡಿ ತೃಪ್ತಿಪಟ್ಟಿದ್ದ ನಾನು ಅಂದಿನಿಂದ ತಿಂಗಳ ಕೊನೆಯ ಪೂರ್ಣ ವರದಿಯನ್ನು ಮುದ್ರಿಸಿ ನೋಡದೆ ಕೆಲಸ ಒಪ್ಪಿಸಿದ್ದಿಲ್ಲ.

ಪ್ರಶ್ನೆ: ಡಾಲರ್ ಚಿಹ್ನೆ ಇರಬೇಕಾದ ಕಡೆಯೆಲ್ಲ ಪೌಂಡ್ ಚಿಹ್ನೆ ಬರುತ್ತಿದೆ. ದೋಷ ಕಾಪಿಯರಿನದೋ, ಮೇನ್‌ಫ್ರೇಮಿನದೋ?

ಉತ್ತರ: ಮೇನ್‌ಫ್ರೇಮ್ ಬದಿಯ ಭಾಷಾಂತರ ಕೋಷ್ಟಕದ್ದು. 1964ರ ಐಬಿಎಂ ಸಿಸ್ಟಂ/360 ಕಂಪ್ಯೂಟರಿನೊಂದಿಗೆ ಬಂದ, ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಎಬ್ಸಿಡಿಕ್ ಸಂಕೇತದಲ್ಲಿ ದೊಡ್ಡಕ್ಷರ ಎ 193ನೆಯದು, ಕಾಪಿಯರ್ ಬಲ್ಲ ಆಸ್ಕಿಯಲ್ಲಿ ಅದೇ ಅಕ್ಷರ 65ನೆಯದು. ಆದ್ದರಿಂದ ದಾರಿಯಲ್ಲಿ ಎಲ್ಲೋ ಒಂದು ಕಡೆ ಅಕ್ಷರಗಳನ್ನು ಬದಲಿಸಲೇಬೇಕು. ಎಬ್ಸಿಡಿಕ್ ಎಲ್ಲ ದೇಶಗಳಿಗೂ ಒಂದೇ ಅಲ್ಲ. ಅಮೆರಿಕದ 037 ಕೋಡ್ ಪೇಜಿನಲ್ಲಿ (ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬ ಕೋಷ್ಟಕದಲ್ಲಿ) 91ನೇ ಸ್ಥಾನ ಡಾಲರಿನದು, ಬ್ರಿಟನ್ನಿನ 285ರಲ್ಲಿ ಅದೇ ಸ್ಥಾನ ಪೌಂಡಿನದು. ತಮ್ಮ ಪ್ರೋಗ್ರಾಮು 037ರಲ್ಲಿ ಬರೆಯುತ್ತಿದೆ, ಪರಿವರ್ತಕ 285 ಎಂದುಕೊಂಡು ಓದುತ್ತಿದೆ. ಡಾಲರಿನ ಬದಲು ಹ್ಯಾಶ್ ಚಿಹ್ನೆ ಪೌಂಡ್ ಆಗುತ್ತಿದ್ದರೆ ಮಾತ್ರ ಕಾಪಿಯರಿನಲ್ಲಿ ಬ್ರಿಟನ್ನಿನ ಚಿಹ್ನೆಗಳ ಗಣ ಆಯ್ಕೆಯಾಗಿದೆಯೇ ಎಂದು ನೋಡಬೇಕಾಗುತ್ತಿತ್ತು. ಚದರ ಆವರಣಗಳನ್ನೂ ಆಶ್ಚರ್ಯಸೂಚಕವನ್ನೂ ಇದೇ ಸಂದರ್ಭದಲ್ಲಿ ಪರೀಕ್ಷಿಸಿ, ಕೋಡ್ ಪೇಜ್ ತಪ್ಪಿದಾಗ ಅವೂ ತಪ್ಪಬಹುದು.

ಪ್ರಶ್ನೆ: ಮೇನ್‌ಫ್ರೇಮಿನಿಂದ ಕಳುಹಿಸಿದ ಕೆಲಸ ಮುಗಿಯಿತು ಎಂದು ಸ್ಪೂಲ್ (ಮುದ್ರಣದ ಸರದಿಯ ಪಟ್ಟಿ) ತೋರಿಸುತ್ತದೆ, ಕಾಪಿಯರಿನಲ್ಲಿ ಹಾಳೆಯೇ ಬರುವುದಿಲ್ಲ. ಅದೇ ಕಾಪಿಯರಿಗೆ ಪಿಸಿಗಳಿಂದ ಮುದ್ರಣ ಸರಾಗವಾಗಿ ನಡೆಯುತ್ತದೆ.

ಉತ್ತರ: ತಮ್ಮ ಕಾಪಿಯರಿನಲ್ಲಿ ವಿಭಾಗವಾರು ಗುಪ್ತಸಂಖ್ಯೆಯನ್ನು ಬಹುಶಃ ಕಡ್ಡಾಯ ಮಾಡಿದ್ದಾರೆ. ಪಿಸಿಯಲ್ಲಿರುವ ಡ್ರೈವರ್ ಪ್ರತಿ ಕೆಲಸದ ತಲೆಗೆ ಆ ಸಂಖ್ಯೆಯನ್ನು ಅಂಟಿಸಿ ಕಳುಹಿಸುತ್ತದೆ. ಮೇನ್‌ಫ್ರೇಮಿಗೆ ಅಂಥ ಡ್ರೈವರ್ ಇಲ್ಲದಿರುವುದರಿಂದ, ಅನಾಮಧೇಯವಾಗಿ ಬಂದ ಕೆಲಸವನ್ನು ಕಾಪಿಯರ್ ಸದ್ದಿಲ್ಲದೆ ಅಳಿಸಿಹಾಕುತ್ತದೆ. ಗುಪ್ತಸಂಖ್ಯೆಯಿರುವ ಪಿಜೆಎಲ್ ಸಾಲುಗಳನ್ನು (ಕೆಲಸದ ವಿವರವನ್ನು ಪ್ರಿಂಟರಿಗೆ ತಿಳಿಸುವ ಆಜ್ಞೆಗಳನ್ನು) ಪ್ರಿಂಟ್ ಸರ್ವರಿನಲ್ಲಿ ಪ್ರತಿ ಕೆಲಸದ ಮೊದಲಿಗೆ ಸೇರಿಸಿದರೆ ಸಾಕು. ತೊಂದರೆ ತಪ್ಪಲೆಂದು ಎಲ್ಲರಿಗೂ ಗುಪ್ತಸಂಖ್ಯೆಯನ್ನೇ ತೆಗೆದುಬಿಡುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಹಳೆಯ ಪ್ರಿಂಟರ್ ಇದ್ದುದು ಬೀಗ ಹಾಕಿದ ಯಂತ್ರದ ಕೋಣೆಯಲ್ಲಿ, ಕಾಪಿಯರ್ ಇರುವುದು ಎಲ್ಲರೂ ಓಡಾಡುವ ಮೊಗಸಾಲೆಯಲ್ಲಿ. ಸಂಬಳದ ಪಟ್ಟಿ ಅಲ್ಲಿನ ತಟ್ಟೆಯಲ್ಲಿ ತೆರೆದು ಬೀಳುವುದು ಸರಿಯಲ್ಲ; ಸಂಬಂಧಪಟ್ಟವರು ಬಂದು ಸಂಖ್ಯೆ ಒತ್ತುವವರೆಗೆ ಯಂತ್ರದೊಳಗೇ ತಡೆದಿಡುವ ವ್ಯವಸ್ಥೆ ಮಾಡಿಸಿ.

ಪ್ರಶ್ನೆ: ಕಾಪಿಯರಿಗೆ ಐಪಿಡಿಎಸ್ ಎಂಬ ಐಬಿಎಂ ಮುದ್ರಣ ವಿಧಾನದ ಸೌಲಭ್ಯವನ್ನು ಹೆಚ್ಚುವರಿಯಾಗಿ ಕೊಳ್ಳುವಂತೆ ಸಲಹೆ ಬಂದಿದೆ. ಅದು ಅಗತ್ಯವೇ?

ಉತ್ತರ: ಮುದ್ರಿಸುವುದು ಏನನ್ನು ಎಂಬುದರ ಮೇಲಿದೆ. ಎಲ್‌ಪಿಆರ್ ಎಂಬ ಮಾಮೂಲಿ ಕಳುಹಿಸುವ ವಿಧಾನದ ಮೂಲಕ ಹೋದ ಕೆಲಸ ಮುಗಿಯಿತು ಎಂದರೆ ದತ್ತಾಂಶ ಕಾಪಿಯರನ್ನು ತಲುಪಿತು ಎಂದಷ್ಟೇ ಅರ್ಥ, ಹಾಳೆ ಹೊರಬಂತು ಎಂದಲ್ಲ. ಐಪಿಡಿಎಸ್‌ನಲ್ಲಿ ಯಂತ್ರಗಳೆರಡೂ ಪರಸ್ಪರ ಮಾತನಾಡುತ್ತಿರುತ್ತವೆ. ಯಾವ ಪುಟ ನಿಜಕ್ಕೂ ತಟ್ಟೆಗೆ ಬಿತ್ತು ಎಂಬುದನ್ನು ಪ್ರಿಂಟರ್ ತಿಳಿಸುತ್ತದೆ, ನಡುವೆ ಕಾಗದ ಸಿಕ್ಕಿಕೊಂಡರೆ ಮೇನ್‌ಫ್ರೇಮ್ ಸರಿಯಾಗಿ ಆ ಪುಟದಿಂದಲೇ ಮತ್ತೆ ಕಳುಹಿಸುತ್ತದೆ. ಚೆಕ್ಕು, ಕ್ರಮಸಂಖ್ಯೆಯಿರುವ ರಸೀದಿ ಇಂಥವನ್ನು ಮುದ್ರಿಸುವವರಿಗೆ ಒಂದು ಹಾಳೆ ಎರಡು ಸಲ ಬರುವುದೂ ಒಂದು ಹಾಳೆ ಬಾರದೇ ಇರುವುದೂ ಸಣ್ಣ ಮಾತಲ್ಲವಾದ್ದರಿಂದ, ಅವರು ಕೊಳ್ಳಬೇಕು. ದಾಸ್ತಾನು ಪಟ್ಟಿ, ದಿನದ ವಹಿವಾಟಿನ ವರದಿ ಮಾತ್ರ ಇರುವವರಿಗೆ ಪಿಸಿಎಲ್ ಸಾಕು. ಕೊಳ್ಳುವುದಾದರೆ ಹಣ ಕೊಡುವ ಮೊದಲು ಒದಗಿಸುವವರ ಎದುರಿನಲ್ಲೇ ಉದ್ದನೆಯ ವರದಿಯೊಂದನ್ನು ಕಳುಹಿಸಿ, ನಡುವೆ ಕಾಗದದ ತಟ್ಟೆಯನ್ನು ಎಳೆದು, ಬಾಗಿಲು ತೆರೆದು ಮುಚ್ಚಿ, ಬಂದ ಪುಟಗಳ ಸಂಖ್ಯೆಯನ್ನು ಒಂದೊಂದಾಗಿ ಎಣಿಸಿ ನೋಡಿ.