ಕೋಲು ಕೊಳ್ಳುವ ಮುನ್ನ ನೀರನ್ನು ನೋಡಿ: ಬ್ಯಾಸ್ ಮೀನಿನ ಗಾಳ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತನಾಗಿ ಜಯನಗರದಲ್ಲಿ ನೆಲೆಸಿದ್ದೇನೆ. ಬಾಲ್ಯದಲ್ಲಿ ಕುಣಿಗಲ್ ಕಡೆಯ ನಮ್ಮೂರ ಕೆರೆಯಲ್ಲಿ ಬಿದಿರುಕೋಲು, ಬೆಂಡು, ಎರೆಹುಳು ಇಟ್ಟುಕೊಂಡು ಮೀನು ಹಿಡಿದ ಅನುಭವವಿದೆ. ಬರುವ ಮಾರ್ಚ್‌ನಿಂದ ನಾಲ್ಕು ತಿಂಗಳು ಅಮೆರಿಕದ ಟೆಕ್ಸಸ್ ರಾಜ್ಯದ ಆಸ್ಟಿನ್‌ನಲ್ಲಿ ಮಗನ ಮನೆಯಲ್ಲಿರುತ್ತೇನೆ. ಅಲ್ಲಿ ಬ್ಯಾಸ್ ಎಂಬ ಸಿಹಿನೀರಿನ ಬೇಟೆಮೀನಿಗೆ ಗಾಳ ಹಾಕಬೇಕೆಂದು ಹನ್ನೆರಡು ವರ್ಷದ ಮೊಮ್ಮಗನಿಗೂ ನನಗೂ ಆಸೆ. ಮಗ ಕಳುಹಿಸಿದ ಅಂಗಡಿಯ ಪಟ್ಟಿಯಲ್ಲಿ ಏಳು ಬಗೆಯ ಕೋಲುಗಳೂ ನಲವತ್ತು ಬಗೆಯ ಲ್ಯೂರ್‌ಗಳೂ (ಕೃತಕ ಎರೆಗಳು) ಇವೆ. ಯಾವುದನ್ನು ಕೊಳ್ಳಬೇಕು? ಹಿಂತಿರುಗಿದ ಮೇಲೆ ಅವು ಇಲ್ಲಿ ಬಳಕೆಗೆ ಬರುತ್ತವೆಯೇ?

ಉತ್ತರ: ಮಾನ್ಯರೇ, ಪಟ್ಟಿಯನ್ನು ಸದ್ಯಕ್ಕೆ ಮಡಚಿಡಿ. ನೀವು ಬಾಲ್ಯದಲ್ಲಿ ಕೆರೆಯ ಏರಿಯ ಮೇಲೆ ನಿಂತು ಜೊಂಡು ಎಲ್ಲಿದೆ, ತೂಬಿನ ಬಳಿ ಆಳ ಎಷ್ಟಿದೆ, ನೀರು ಕದಡಿದೆಯೋ ತಿಳಿಯಾಗಿದೆಯೋ ಎಂದು ನೋಡಿಕೊಂಡ ಮೇಲೆಯೇ ಗಾಳ ಇಳಿಬಿಡುತ್ತಿದ್ದಿರಿ. ಬ್ಯಾಸ್ ಮೀನಿಗೂ ಕ್ರಮ ಅದೇ. ನೀರು ಲ್ಯೂರನ್ನು ನಿರ್ಧರಿಸುತ್ತದೆ, ಲ್ಯೂರಿನ ತೂಕ ಮತ್ತು ನೀರಿನೊಳಗಿನ ಅಡೆತಡೆಗಳು ಕೋಲನ್ನು ನಿರ್ಧರಿಸುತ್ತವೆ. ಹೆಚ್ಚಿನವರು ಮೊದಲು ಕೋಲು ಕೊಂಡು ಆಮೇಲೆ ನೀರಿಗೆ ಹೋಗುತ್ತಾರೆ, ಆದ್ದರಿಂದಲೇ ಮನೆಯಲ್ಲಿ ಕೋಲುಗಳ ರಾಶಿ ಬೆಳೆಯುತ್ತದೆ.

ಕೋಲಿನ ಹಿಡಿಕೆಯ ಮೇಲ್ಭಾಗದಲ್ಲಿ ಅಚ್ಚಾಗಿರುವ ಎರಡು ಪದಗಳನ್ನು ಸ್ಪಷ್ಟವಾಗಿ ತಿಳಿದುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. 'ಪವರ್' ಎಂದರೆ ಕೋಲನ್ನು ಬಗ್ಗಿಸಲು ಎಷ್ಟು ಬಲ ಬೇಕು ಎಂಬ ಅಳತೆ. ಲೈಟ್, ಮೀಡಿಯಂ, ಮೀಡಿಯಂ ಹೆವಿ, ಹೆವಿ ಎಂಬುವು ಅದರ ಮೆಟ್ಟಿಲುಗಳು. 'ಆ್ಯಕ್ಷನ್' ಎಂದರೆ ಕೋಲು ಎಲ್ಲಿಂದ ಬಾಗಲು ತೊಡಗುತ್ತದೆ ಎಂಬ ವಿವರ; ತುದಿಯ ಭಾಗ ಮಾತ್ರ ಬಾಗಿದರೆ ಫಾಸ್ಟ್, ನಡುವಿನವರೆಗೂ ಬಾಗಿದರೆ ಮಾಡರೇಟ್. ಬಿದಿರಿನಲ್ಲಿ ಯೋಚಿಸಿದರೆ ನಿಮಗೆ ತಕ್ಷಣ ಹೊಳೆಯುತ್ತದೆ: ಒಣಗಿದ ದಪ್ಪ ಕೋಲಿಗೂ ಹಸಿಯ ತೆಳು ಕೋಲಿಗೂ ಇರುವ ವ್ಯತ್ಯಾಸ ಪವರ್, ಒಂದೇ ದಪ್ಪದ ಎರಡು ಕೋಲುಗಳಲ್ಲಿ ಒಂದು ತುದಿಯಲ್ಲಷ್ಟೇ ತೊನೆದು ಇನ್ನೊಂದು ಬುಡದವರೆಗೂ ಬಳುಕಿದರೆ ಆ ವ್ಯತ್ಯಾಸ ಆ್ಯಕ್ಷನ್. ಇವೆರಡಕ್ಕಿಂತಲೂ ಮುಖ್ಯವಾದ ಮೂರನೆಯ ಬರಹವೊಂದು ಅಲ್ಲೇ ಇರುತ್ತದೆ, ಅದನ್ನು ಯಾರೂ ಓದುವುದಿಲ್ಲ. ಅದು ಕೋಲು ಎಸೆಯಬಲ್ಲ ಲ್ಯೂರಿನ ತೂಕ. 1/4–5/8 ಔನ್ಸ್ ಎಂದು ಬರೆದಿದ್ದರೆ ಸುಮಾರು 7ರಿಂದ 18 ಗ್ರಾಂ ಎಂದರ್ಥ. ಆ ಕೋಲಿಗೆ 3 ಗ್ರಾಂನ ಲ್ಯೂರ್ ಕಟ್ಟಿದರೆ ಅದು ಕಾಲ ಬುಡದಲ್ಲೇ ಬೀಳುತ್ತದೆ, 40 ಗ್ರಾಂ ಕಟ್ಟಿ ಜೋರಾಗಿ ಬೀಸಿದರೆ ಕೋಲೇ ಮುರಿಯಬಹುದು.

ಇನ್ನು ಆಸ್ಟಿನ್ನಿನ ನೀರುಗಳು. ಊರಿನ ನಡುವೆಯೇ ಇರುವ ಲೇಡಿ ಬರ್ಡ್ ಸರೋವರ ಕೊಲರಾಡೋ ನದಿಗೆ 1960ರಲ್ಲಿ ಅಣೆಕಟ್ಟು ಕಟ್ಟಿ ಆದದ್ದು. ಅದರ ಅಂಚಿನಲ್ಲಿ ಜಲಸಸ್ಯಗಳಿವೆ, ದಡದಿಂದಲೇ ಗಾಳ ಹಾಕಬಹುದು. ಊರಾಚೆಯ ಟ್ರಾವಿಸ್ ಸರೋವರ ಆಳವಾದದ್ದು, ಸುಣ್ಣಕಲ್ಲಿನ ದಡದ್ದು, ನೀರು ಬಹಳ ತಿಳಿ. ಲೇಡಿ ಬರ್ಡ್ ಅಣೆಕಟ್ಟಿನ ಕೆಳಗೆ ಹರಿಯುವ ಕೊಲರಾಡೋ ನದಿ ಮೂರನೆಯ ಬಗೆ. ಅಲ್ಲಿ ದೊಡ್ಡ ಬಾಯಿಯ ಬ್ಯಾಸ್ ಜೊತೆಗೆ ಗ್ವಾಡಲೂಪ್ ಬ್ಯಾಸ್ ಎಂಬ, ಗಾತ್ರದಲ್ಲಿ ಚಿಕ್ಕದಾದರೂ ಹರಿವಿನಲ್ಲಿ ಗಟ್ಟಿಯಾಗಿ ಸೆಣಸುವ ಮೀನು ಸಿಗುತ್ತದೆ. 1989ರಿಂದ ಅದು ಟೆಕ್ಸಸ್‌ನ ರಾಜ್ಯಮೀನು. ಮೊಮ್ಮಗನಿಗೆ ಒಮ್ಮೆಯಾದರೂ ಅದನ್ನು ತೋರಿಸಿ.

ನೀವು ಹೋಗುವ ಮಾರ್ಚ್ ತಿಂಗಳು ಬ್ಯಾಸ್ ಮೊಟ್ಟೆಯಿಡಲು ದಡಕ್ಕೆ ಬರುವ ಕಾಲ. ನೀರಿನ ಉಷ್ಣತೆ ಸುಮಾರು 15–16 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಗಂಡುಮೀನು ಆಳವಿಲ್ಲದ ಕಡೆ ಬಾಲದಿಂದ ತಳ ಗುಡಿಸಿ ಗೂಡು ಮಾಡುತ್ತದೆ, ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ತಾನೇ ಕಾವಲು ಕಾಯುತ್ತದೆ. ಈ ದಿನಗಳಿಗೆ ಐದು ಅಂಗುಲದ ಮೆದು ಪ್ಲಾಸ್ಟಿಕ್ ಹುಳುವಿನಷ್ಟು ಕೆಲಸ ಮಾಡುವ ಲ್ಯೂರ್ ಇನ್ನೊಂದಿಲ್ಲ. ಅದನ್ನು ಎರಡು ರೀತಿಯಲ್ಲಿ ಕಟ್ಟುತ್ತಾರೆ. ಹುಳುವಿನ ನಡುಮಧ್ಯಕ್ಕೆ ಗಾಳ ಚುಚ್ಚಿ ಸೀಸವಿಲ್ಲದೆ ಎಸೆದರೆ ಎರಡೂ ತುದಿಗಳು ನಡುಗುತ್ತಾ ನಿಧಾನವಾಗಿ ಇಳಿಯುತ್ತದೆ. ಇದು ವ್ಯಾಕಿ ರಿಗ್, ತಿಳಿನೀರಿಗೆ ಹೇಳಿದ್ದು. ದಾರಕ್ಕೆ ಬಂದೂಕಿನ ಗುಂಡಿನಾಕಾರದ ಸೀಸವನ್ನು ಪೋಣಿಸಿ, ಗಾಳದ ಮೊನೆಯನ್ನು ಹುಳುವಿನ ಮೈಯೊಳಗೇ ಅಡಗಿಸಿದರೆ ಅದು ಟೆಕ್ಸಸ್ ರಿಗ್. ಮೊನೆ ಹೊರಗಿಲ್ಲದ ಕಾರಣ ಗಿಡಕ್ಕಾಗಲಿ ಕೊರಡಿಗಾಗಲಿ ಸಿಕ್ಕಿಕೊಳ್ಳುವುದು ಅಪರೂಪ. ಎರಡರಲ್ಲೂ ಮೀನು ಲ್ಯೂರ್ ಇಳಿಯುವಾಗಲೇ ಬಾಯಿ ಹಾಕುವುದು ಹೆಚ್ಚು. ಇಲ್ಲಿ ಬೆಂಡು ಇರುವುದಿಲ್ಲವಾದ್ದರಿಂದ ದಾರವೇ ನಿಮಗೆ ಬೆಂಡು: ಅದು ಪಕ್ಕಕ್ಕೆ ಸರಿದರೆ, ಥಟ್ಟನೆ ಸಡಿಲವಾದರೆ, ಸುಳಿವಿಲ್ಲದೆ ಬಿಗಿಯಾದರೆ ಎಳೆಯಬೇಕು. ಬೆಂಡು ಮುಳುಗುವುದನ್ನೇ ಕಾದು ಬೆಳೆದ ಕಣ್ಣಿಗೆ ಈ ಅಭ್ಯಾಸ ಕೂಡಲು ಒಂದು ವಾರ ಬೇಕಾಗಬಹುದು. ಗೂಡಿನ ಮೇಲಿನ ಮೀನು ಸಿಕ್ಕರೆ ಅದನ್ನು ಕೂಡಲೇ ಅದೇ ಜಾಗದಲ್ಲಿ ಬಿಡಿ. ತಡವಾದರೆ ಅಷ್ಟರಲ್ಲಿ ಬೇರೆ ಮೀನುಗಳು ಮೊಟ್ಟೆ ತಿಂದು ಮುಗಿಸುತ್ತವೆ.

ಮೇ ಕಳೆದು ಬಿಸಿಲೇರಿದಂತೆ ಮೀನು ಮುಂಜಾನೆ ಮತ್ತು ಸಂಜೆಗತ್ತಲಲ್ಲಿ ಮಾತ್ರ ದಡಕ್ಕೆ ಬಂದು ಹಗಲಿನಲ್ಲಿ ಆಳಕ್ಕೋ ನೆರಳಿಗೋ ಸರಿಯುತ್ತದೆ. ಆಗ ಮುಂಜಾನೆ ನೀರಿನ ಮೇಲೆ ಚಿಮ್ಮುತ್ತಾ ಬರುವ ಪಾಪರ್, ಹಗಲಿಗೆ ಎಳೆದಂತೆ ನೀರೊಳಗೆ ಮುಳುಗುವ, ಮೀನಾಕಾರದ ಗಟ್ಟಿಮೈಯ ಕ್ರ್ಯಾಂಕ್‌ಬೈಟ್. ಕ್ರ್ಯಾಂಕ್‌ಬೈಟಿನ ಮೂತಿಯಲ್ಲಿರುವ ಪ್ಲಾಸ್ಟಿಕ್ ನಾಲಿಗೆ ಉದ್ದವಾದಷ್ಟೂ ಅದು ಆಳಕ್ಕೆ ಹೋಗುತ್ತದೆ. ಕಲ್ಲಿಗೆ ತಗುಲಿ ಪಕ್ಕಕ್ಕೆ ಪುಟಿದ ಕ್ಷಣದಲ್ಲೇ ಮೀನು ಹೊಡೆಯುವುದು ಹೆಚ್ಚು, ಆದುದರಿಂದ ತಾಗದಂತೆ ಎಳೆಯುವ ಜಾಣತನ ಬೇಡ. ಮಳೆ ಬಿದ್ದು ನೀರು ಕೆಂಪಾದ ದಿನ ಮೀನು ಕಣ್ಣಿಗಿಂತ ಮೈಪಕ್ಕದ ಗೆರೆಯಿಂದ ಕಂಪನ ಗ್ರಹಿಸಿ ಬೇಟೆಯಾಡುತ್ತದೆ. ಅಂದು ಎಳೆದಂತೆ ಗಿರ್ರನೆ ತಿರುಗುವ ದುಂಡನೆಯ ತಗಡಿರುವ ಲ್ಯೂರ್, ಅಂದರೆ ಸ್ಪಿನ್ನರ್‌ಬೈಟ್ ಕಟ್ಟಿ. ಆ ತಗಡು ನೀರನ್ನು ಹೆಚ್ಚು ಅಲುಗಿಸುತ್ತದೆ. ತಿಳಿನೀರಿಗೆ ಎಲೆಯಂತೆ ಉದ್ದನೆಯ ತಗಡು ಸಾಕು. ಬಣ್ಣದ ವಿಷಯಕ್ಕೆ ಅಂಗಡಿಯವರು ಕೊಡುವಷ್ಟು ಮಹತ್ವವನ್ನು ನಾನು ಕೊಡುವುದಿಲ್ಲ: ತಿಳಿನೀರಿಗೆ ಹಸಿರುಗಂದು, ಕದಡಿದ ನೀರಿಗೆ ಕಪ್ಪು ಅಥವಾ ಕಣ್ಣು ಕುಕ್ಕುವ ಹಳದಿಹಸಿರು. ಈ ಮೂರು ಬಣ್ಣಗಳಲ್ಲಿ ನಾಲ್ಕು ತಿಂಗಳು ಕಳೆಯಬಹುದು.

ಹೀಗೆ ನೋಡಿದಾಗ ನಿಮಗೆ ಬೇಕಾದದ್ದು ಎರಡೇ ಕೋಲು. ಮೊದಲನೆಯದು 7 ಅಡಿಯ, ಮೀಡಿಯಂ ಪವರಿನ, ಫಾಸ್ಟ್ ಆ್ಯಕ್ಷನ್ನಿನ ಸ್ಪಿನ್ನಿಂಗ್ ಕೋಲು, ಅಂದರೆ ದಾರ ಸುತ್ತುವ ರೀಲ್ ಕೋಲಿನ ಕೆಳಗೆ ತೂಗುವ ಬಗೆಯದು. ಅದಕ್ಕೆ 2500 ಅಳತೆಯ ರೀಲ್, 10 ಪೌಂಡ್ ಎಳೆತ ತಡೆಯುವ ಹೆಣೆದ ದಾರ, ಅದರ ತುದಿಗೆ ಒಂದೂವರೆ ಮಾರಿನಷ್ಟು 8 ಪೌಂಡಿನ ಫ್ಲೋರೋಕಾರ್ಬನ್ ಎಂಬ ಪ್ಲಾಸ್ಟಿಕ್ ದಾರ. ಹೆಣೆದ ದಾರ ಹಿಗ್ಗುವುದಿಲ್ಲ, ಮೀನಿನ ಸಣ್ಣ ತುಡಿತವೂ ಕೈಗೆ ತಿಳಿಯುತ್ತದೆ. ಫ್ಲೋರೋಕಾರ್ಬನ್ ಮುಳುಗುತ್ತದೆ, ಅದರಲ್ಲಿ ಬೆಳಕು ಬಾಗುವ ಪ್ರಮಾಣ ನೈಲಾನಿಗಿಂತ ನೀರಿಗೆ ಸಮೀಪವಾದ್ದರಿಂದ ತಿಳಿನೀರಿನಲ್ಲಿ ಕಡಿಮೆ ಕಾಣುತ್ತದೆ. ವ್ಯಾಕಿ ರಿಗ್, ಪಾಪರ್, ಚಿಕ್ಕ ಕ್ರ್ಯಾಂಕ್‌ಬೈಟ್ ಎಲ್ಲಕ್ಕೂ ಈ ಒಂದು ಕೋಲು ಒಗ್ಗುತ್ತದೆ. ಮೊಮ್ಮಗನಿಗೂ ಇಂಥದ್ದೇ ಆರೂವರೆ ಅಡಿಯದು ಕೊಡಿಸಿ. ಎರಡನೆಯದು 7 ಅಡಿಯ ಮೀಡಿಯಂ ಹೆವಿ ಬೈಟ್‌ಕಾಸ್ಟಿಂಗ್ ಕೋಲು, ಅಂದರೆ ರೀಲ್ ಕೋಲಿನ ಮೇಲೆ ಕೂರುವ ಬಗೆಯದು. ದಟ್ಟ ಗಿಡಗಳ ನಡುವಿನ ಟೆಕ್ಸಸ್ ರಿಗ್ಗಿಗೂ ಸ್ಪಿನ್ನರ್‌ಬೈಟಿಗೂ ಅದು ಬೇಕು. ಮೊದಲ ತಿಂಗಳು ಅದನ್ನು ಕೊಳ್ಳಬೇಡಿ. ಕ್ರ್ಯಾಂಕ್‌ಬೈಟಿಗೆಂದೇ ಮಾಡಿದ ಮಾಡರೇಟ್ ಕೋಲು, ಮೀನು ಒದರಿದಾಗ ಮೂರುಮೊನೆಯ ಗಾಳ ಕಿತ್ತುಬಾರದಂತೆ ಬಾಗಿ ತಡೆಯುವುದು ನಿಜವಾದರೂ, ನಾಲ್ಕು ತಿಂಗಳ ಅತಿಥಿಗೆ ಅದು ಅನಗತ್ಯ ಖರ್ಚು.

ಟೆಕ್ಸಸ್‌ನಲ್ಲಿ 17 ವರ್ಷ ತುಂಬಿದವರಿಗೆ ಪರವಾನಗಿ ಕಡ್ಡಾಯ, ಮೊಮ್ಮಗನಿಗೆ ಬೇಡ. ರಾಜ್ಯದ ಸಾಮಾನ್ಯ ನಿಯಮದಂತೆ ದೊಡ್ಡ ಬಾಯಿಯ ಬ್ಯಾಸ್ 14 ಅಂಗುಲಕ್ಕಿಂತ ಚಿಕ್ಕದಿದ್ದರೆ ಬಿಡಬೇಕು, ದಿನಕ್ಕೆ ಐದಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಕೆಲವು ಸರೋವರಗಳಿಗೆ ಪ್ರತ್ಯೇಕ ಮಿತಿಗಳಿರುವುದರಿಂದ ಪರವಾನಗಿ ಪಡೆಯುವಾಗಲೇ ವಿಚಾರಿಸಿಕೊಳ್ಳಿ.

ಬೆಂಗಳೂರಿಗೆ ಬಂದ ಮೇಲಿನ ಮಾತು ಬೇರೆ. ಬ್ಯಾಸ್ ನಮ್ಮ ನಾಡಿನ ಮೀನಲ್ಲ. ಆದರೆ ಜೊಂಡು, ಅಂತರಗಂಗೆಯ ಮರೆಯಲ್ಲಿ ಹೊಂಚುಹಾಕಿ ಕಪ್ಪೆಯ ಮೇಲೆ ಎರಗುವ ಕೊರಮೀನಿನ ಬೇಟೆಯ ಕ್ರಮ ಬ್ಯಾಸ್‌ನದನ್ನೇ ಹೋಲುವುದರಿಂದ ನಿಮ್ಮ ಮೀಡಿಯಂ ಹೆವಿ ಕೋಲು ಅದಕ್ಕೆ ಸರಿಹೊಂದುತ್ತದೆ. ದಾರವನ್ನು 40–50 ಪೌಂಡಿನ ಹೆಣೆದ ದಾರಕ್ಕೆ ಬದಲಿಸಿ, ಟೊಳ್ಳುಮೈಯ ರಬ್ಬರ್ ಕಪ್ಪೆಯನ್ನು ಅಂತರಗಂಗೆಯ ಮೇಲಿಂದ ಕುಪ್ಪಳಿಸುತ್ತಾ ತನ್ನಿ. ನೀರು ಸಿಡಿದ ತಕ್ಷಣ ಎಳೆಯದೆ, ದಾರ ಬಿಗಿಯಾದದ್ದು ಕೈಗೆ ತಿಳಿದ ಮೇಲೆ ಎಳೆಯಿರಿ. ನೀರಿನ ಮೇಲೆ ಕೆಂಪು ಮರಿಗಳ ಗುಂಪು ಕುದಿಯುವಂತೆ ಕಂಡರೆ ಅಲ್ಲಿ ಎಸೆಯಬೇಡಿ. ಕೆಳಗೆ ತಾಯಿತಂದೆಗಳು ಕಾವಲಿರುತ್ತವೆ, ಅವು ಹೋದರೆ ಮರಿಗಳು ಉಳಿಯುವುದಿಲ್ಲ. ನಗರದ ಅನೇಕ ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆಗೆ ಕೊಟ್ಟಿರುತ್ತಾರೆ, ಗುತ್ತಿಗೆದಾರರ ಒಪ್ಪಿಗೆಯಿಲ್ಲದೆ ಗಾಳ ಹಾಕುವುದು ತಪ್ಪು. ಕೊಳಚೆ ಸೇರುವ ಕೆರೆಯ ಮೀನನ್ನು ಊಟಕ್ಕೆ ತರುವುದೂ ಬೇಡ. ಕಾವೇರಿಯ ಬಿಳಿಮೀನಿನ, ಅಂದರೆ ಮಹಶೀರಿನ, ಆಸೆಯಿದ್ದರೆ ದಯವಿಟ್ಟು ಬಿಟ್ಟುಬಿಡಿ. ಭೀಮೇಶ್ವರಿ, ಗಾಲಿಬೋರೆಗಳು ಕಾವೇರಿ ವನ್ಯಜೀವಿಧಾಮದ ಭಾಗ, ಅಲ್ಲಿ ಗಾಳಕ್ಕೆ ಅವಕಾಶವಿಲ್ಲ. ಅಲ್ಲಿನ ಗೂನುಬೆನ್ನಿನ ಮಹಶೀರ್ 2018ರಿಂದ ಅಳಿವಿನ ತೀವ್ರ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಇನ್ನೊಂದು ಎಚ್ಚರಿಕೆ: ಇಂದಿನ ಕೋಲುಗಳು ಕಾರ್ಬನ್ ನಾರಿನವು, ಅವುಗಳಲ್ಲಿ ವಿದ್ಯುತ್ ಹರಿಯುತ್ತದೆ. ಕೆರೆಯಂಗಳದ ಮೇಲೆ ಹಾಯ್ದ ಹೈಟೆನ್ಷನ್ ತಂತಿಗಳ ಕೆಳಗಾಗಲಿ, ಏಪ್ರಿಲ್–ಮೇ ತಿಂಗಳ ಗುಡುಗುಮಳೆಯಲ್ಲಾಗಲಿ ಕೋಲೆತ್ತಿ ನಿಲ್ಲಬೇಡಿ.

ಪ್ರಶ್ನೆ: ಹೊಸ ಬೈಟ್‌ಕಾಸ್ಟಿಂಗ್ ರೀಲ್ ಕೊಂಡೆ. ಪ್ರತಿ ಎಸೆತಕ್ಕೂ ದಾರ ಸಿಕ್ಕಾಗುತ್ತಿದೆ. ರೀಲ್ ಕೆಟ್ಟಿದೆಯೇ? (ಯಲಹಂಕದ ಓದುಗರು)

ಉತ್ತರ: ಕೆಟ್ಟಿರುವ ಸಾಧ್ಯತೆ ಕಡಿಮೆ. ಈ ರೀಲಿನಲ್ಲಿ ದಾರ ಸುತ್ತಿದ ಉರುಳೆಯೇ ತಿರುಗುತ್ತದೆ. ಲ್ಯೂರಿನ ವೇಗ ಗಾಳಿಯಲ್ಲಿ ಕುಗ್ಗಿದರೂ ಉರುಳೆ ಮೊದಲಿನ ವೇಗದಲ್ಲೇ ತಿರುಗುತ್ತಿದ್ದರೆ ಹೊರಹೋಗದ ದಾರ ಒಳಗೇ ಸಿಕ್ಕಾಗುತ್ತದೆ. ಕೋಲನ್ನು ಅಡ್ಡ ಹಿಡಿದು ಗುಂಡಿ ಒತ್ತಿದಾಗ ಲ್ಯೂರ್ ನಿಧಾನವಾಗಿ ಇಳಿದು, ನೆಲ ಮುಟ್ಟಿದೊಡನೆ ಉರುಳೆ ನಿಲ್ಲುವಂತೆ ಪಕ್ಕದ ತಿರುಪನ್ನು ಬಿಗಿ ಮಾಡಿ, ಬ್ರೇಕನ್ನು ಗರಿಷ್ಠಕ್ಕಿಡಿ. 14 ಗ್ರಾಂಗಿಂತ ಹಗುರವಾದದ್ದನ್ನು ಸದ್ಯಕ್ಕೆ ಕಟ್ಟಬೇಡಿ, ಎದುರುಗಾಳಿಗೆ ಎಸೆಯಬೇಡಿ. ಹೆಬ್ಬೆರಳು ಉರುಳೆಯನ್ನು ಸವರುತ್ತಲೇ ಇದ್ದು, ಲ್ಯೂರ್ ನೀರು ಮುಟ್ಟುವ ಮುನ್ನ ಅದನ್ನು ಪೂರ್ತಿ ನಿಲ್ಲಿಸಬೇಕು. ಮನೆಯ ಹತ್ತಿರದ ಖಾಲಿ ಮೈದಾನದಲ್ಲಿ, ಗಾಳದ ಬದಲು ಬರಿಯ ಸೀಸ ಕಟ್ಟಿ, ಜನರಿಲ್ಲದ ಹೊತ್ತಿನಲ್ಲಿ ಅಭ್ಯಾಸ ಮಾಡಿ.

ಪ್ರಶ್ನೆ: ಕನಕಪುರದ ಬಳಿ ನಮ್ಮ ತೋಟದಲ್ಲಿ ಕೃಷಿಹೊಂಡವಿದೆ. ಬ್ಯಾಸ್ ಮರಿಗಳನ್ನು ತರಿಸಿ ಬಿಟ್ಟರೆ ವಾರಾಂತ್ಯಕ್ಕೆ ಬರುವ ಅತಿಥಿಗಳಿಗೆ ಗಾಳದ ಮೋಜು ಒದಗಿಸಬಹುದೇ?

ಉತ್ತರ: ಬೇಡ. ಇದನ್ನು ಸಲಹೆಯೆಂದಲ್ಲ, ಬೇಡಿಕೆಯೆಂದು ಓದಿಕೊಳ್ಳಿ. ಜಪಾನಿನ ಅಶಿ ಸರೋವರಕ್ಕೆ 1925ರಲ್ಲಿ ತಂದು ಬಿಟ್ಟ ಬ್ಯಾಸ್ ಆಮೇಲೆ ದೇಶದುದ್ದಕ್ಕೂ ಹರಡಿ ಅಲ್ಲಿನ ಸ್ಥಳೀಯ ಮೀನುಗಳನ್ನು ತಿಂದುಹಾಕಿತು; ಬಿವಾ ಸರೋವರದಲ್ಲಿ 2009ರಲ್ಲಿ ಸುಮಾರು 10 ಕಿಲೋ ತೂಗಿದ ಬ್ಯಾಸ್ ಸಿಕ್ಕಿ, ಅಮೆರಿಕದ ಜಾರ್ಜಿಯಾದಲ್ಲಿ 1932ರಲ್ಲಿ ಆಗಿದ್ದ ವಿಶ್ವದಾಖಲೆಯನ್ನು ಸರಿಗಟ್ಟಿದ್ದು ನಿಜ, ಆದರೆ ಅದೇ ಜಪಾನ್ 2005ರಿಂದ ಜೀವಂತ ಬ್ಯಾಸ್ ಅನ್ನು ಸಾಕುವುದನ್ನೂ ಸಾಗಿಸುವುದನ್ನೂ ನಿಷೇಧಿಸಿದೆ. ನಿಮ್ಮ ಹೊಂಡ ಒಂದು ದೊಡ್ಡ ಮಳೆಗೆ ಉಕ್ಕಿದರೆ ನೀರು ಹಳ್ಳ ಸೇರಿ ಅರ್ಕಾವತಿಗೆ, ಅಲ್ಲಿಂದ ಸಂಗಮದಲ್ಲಿ ಕಾವೇರಿಗೆ ಹೋಗುತ್ತದೆ. ಆಫ್ರಿಕನ್ ಕ್ಯಾಟ್‌ಫಿಶ್ ನಮ್ಮ ಕೆರೆಗಳಲ್ಲಿ ಮಾಡಿರುವ ಹಾನಿಯೇ ಸಾಕಷ್ಟಿದೆ.

ನಿಮ್ಮ ಹೊಂಡಕ್ಕೆ ಕಾಟ್ಲಾ, ರೋಹು, ಗೆಂಡೆ ಚೆನ್ನಾಗಿ ಹೊಂದುತ್ತವೆ. ಅತಿಥಿಗಳ ಕೈಗೆ ಲ್ಯೂರ್ ಕೊಡುವ ಬದಲು ಒಂಬತ್ತು–ಹತ್ತು ಅಡಿಯ, ನಡುವಿನವರೆಗೂ ಬಾಗುವ ಮೆದು ಕೋಲು, ಒಂದು ಬೆಂಡು, ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದ ಚಿಕ್ಕ ಗಾಳ ಕೊಡಿ. ಎರೆಗೆ ರಾಗಿಮುದ್ದೆಯನ್ನು ತುಸು ಗಟ್ಟಿಯಾಗಿ ತೊಳಸಿ, ಕಡಲೆಕಾಯಿ ಹಿಂಡಿ ಬೆರೆಸಿ, ಗೋಲಿ ಗಾತ್ರದ ಉಂಡೆ ಕಟ್ಟಿ. ಮೀನು ಮುಟ್ಟುವ ಮುನ್ನ ಕೈ ಒದ್ದೆ ಮಾಡಿಕೊಳ್ಳುವಂತೆ ಎಲ್ಲರಿಗೂ ಹೇಳಿ. ಒಣಗೈ ತಾಗಿದರೆ ಮೀನಿನ ಮೈಮೇಲಿನ ಲೋಳೆ ಕಿತ್ತುಬರುತ್ತದೆ, ನೀರಿಗೆ ಬಿಟ್ಟ ಮೇಲೂ ಅಂಥ ಮೀನಿಗೆ ಹುಣ್ಣಾಗಬಹುದು.